ಅರ್ಧ ಉಳಿದ ಮುಖ

ನಾನು ಒಂದು ಮೆಮೊರಿ ಕಾರ್ಡು. ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡ ಮೈ, ಬೆನ್ನಿಗೆ ನೀಲಿ ಚೀಟಿ, ಒಂದು ಮೂಲೆ ಕತ್ತರಿಸಿದ ಹಾಗೆ ಓರೆ. ಮರಳನ್ನು ಕರಗಿಸಿ, ಸೋಸಿ, ಬಿಲ್ಲೆ ಮಾಡಿ, ಅದರೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಕೋಣೆಗಳನ್ನು ಕಟ್ಟಿ ನನ್ನನ್ನು ಮಾಡಿದರು. ಯಾವ ದೇಶ, ಯಾವ ಊರು ಎಂದು ಕೇಳಬೇಡಿ. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಮಾತಿಲ್ಲದೆ ಕೆಲಸ ಮಾಡುವ ಜನರ ನಡುವೆ ಹುಟ್ಟಿದೆ ಎಂಬುದಷ್ಟೇ ನನಗೆ ಗೊತ್ತು. ಹುಟ್ಟಿದಾಗ ನನ್ನ ಕೋಣೆಗಳೆಲ್ಲ ಖಾಲಿಯಿದ್ದವು. ಖಾಲಿಯಾಗಿರುವುದು ಹೇಗಿರುತ್ತದೆ ಎಂಬುದು ಮಾತ್ರ ಈಗ ನೆನಪಿಲ್ಲ.

ನನ್ನ ಬದುಕು ಬಹುಪಾಲು ಕತ್ತಲೆಯದು. ಕ್ಯಾಮೆರಾದ ಹೊಟ್ಟೆಯಲ್ಲಿ ನನ್ನನ್ನಿಟ್ಟು ಬಾಗಿಲು ಹಾಕುತ್ತಾರೆ. ಗುಂಡಿ ಒತ್ತಿದಾಗ ಹೊರಗಿನ ಲೋಕ ಮಿಂಚಿನ ಹಾಗೆ ಒಳಗೆ ಬಂದು ಬೀಳುತ್ತದೆ, ನಾನು ಹಿಡಿದುಕೊಳ್ಳುತ್ತೇನೆ. ಉಳಿದ ಹೊತ್ತೆಲ್ಲ ಕೇಳಿಸಿಕೊಳ್ಳುವುದೇ ಕೆಲಸ. ಹೊರಗೆ ತೆಗೆದು ಮೇಜಿನ ಮೇಲಿಟ್ಟರೆ ಮನುಷ್ಯರನ್ನು ಕೆಳಗಿನಿಂದ ನೋಡುತ್ತೇನೆ. ಗದ್ದ, ಮೂಗಿನ ಹೊಳ್ಳೆ, ಅಂಗಿಯ ಗುಂಡಿ. ಕೆಳಗಿನಿಂದ ನೋಡಿದರೆ ಎಲ್ಲರೂ ಸ್ವಲ್ಪ ಹೆದರಿದವರಂತೆ ಕಾಣುತ್ತಾರೆ.

ನನ್ನನ್ನು ಮೊದಲು ಕೊಂಡವರು ಬಾಗಲಕೋಟೆಯ ಒಬ್ಬ ದನದ ಡಾಕ್ಟರು. ಅವರು ನನಗೆ ಗೊರಸುಗಳನ್ನು ಕೊಟ್ಟರು. ಹುಣ್ಣಾದ ಗೊರಸು, ಬಿರಿದ ಗೊರಸು, ಮದ್ದು ಹಚ್ಚಿದ ಗೊರಸು. ದನದ ಮುಖವನ್ನು ಅವರು ಒಮ್ಮೆಯೂ ತೆಗೆಯಲಿಲ್ಲ. ಆಮೇಲೆ ಅವರಿಗೆ ದೂರದ ಊರಿಗೆ ವರ್ಗವಾಯಿತು. ಕ್ಯಾಮೆರಾ ಮಾರಿದರು, ಅದರ ಹೊಟ್ಟೆಯಲ್ಲಿದ್ದ ನಾನೂ ಕೈ ಬದಲಿಸಿದೆ.

ಕೊಂಡವನು ಗುಳೇದಗುಡ್ಡದ ಪಾಂಡುರಂಗ ಬಸುತ್ಕರ. ನೇಕಾರರ ಓಣಿಯ ತುದಿಯಲ್ಲಿ ಅವನ ಸ್ಟುಡಿಯೋ. ಮುಂದೆ ಫೋಟೋ ತೆಗೆಯುವ ಕೋಣೆ, ಹಿಂದೆ ಕಂಪ್ಯೂಟರು, ಅದರಾಚೆ ಮನೆ. ಅವನು ತೆಗೆಯುತ್ತಿದ್ದ, ಹೆಂಡತಿ ಸುನಂದಾ ಕಂಪ್ಯೂಟರಿನಲ್ಲಿ ತಿದ್ದುತ್ತಿದ್ದಳು. ಮೊಡವೆ ಅಳಿಸುವುದು, ಬಣ್ಣ ತಿಳಿ ಮಾಡುವುದು, ಅಂಗಿಯಷ್ಟೇ ತೊಟ್ಟು ಬಂದವನಿಗೆ ಕೋಟು ತೊಡಿಸುವುದು. ಆ ಊರಿನ ಮುಖಗಳೆಲ್ಲ ಅವಳ ಕೈಯಲ್ಲಿ ಒಮ್ಮೆ ತೊಳೆದುಕೊಂಡೇ ಹೊರಗೆ ಹೋಗುತ್ತಿದ್ದವು.

ಪಾಂಡುರಂಗ ಬಂದವನೇ ನನ್ನನ್ನು ಫಾರ್ಮ್ಯಾಟ್ ಮಾಡಿದ. ಅದು ನನಗೆ ಮೊದಲನೆಯದು. ಸಾವೇ ಬಂತೆಂದುಕೊಂಡೆ, ಅಲ್ಲ. ಓಣಿಯ ಮನೆಗಳ ಬಾಗಿಲ ಮೇಲಿನ ಹೆಸರುಗಳನ್ನು ಯಾರೋ ಒರೆಸಿಕೊಂಡು ಹೋದ ಹಾಗೆ, ಅಷ್ಟೇ. ಮನೆಯೊಳಗಿನವರು ಒಳಗೇ ಇರುತ್ತಾರೆ. ಹುಡುಕಿಕೊಂಡು ಬಂದವನಿಗೆ ಮಾತ್ರ ಯಾರ ಮನೆ ಯಾವುದೆಂದು ತಿಳಿಯುವುದಿಲ್ಲ, ಓಣಿಯೇ ಖಾಲಿ ಎಂದುಕೊಂಡು ಹೋಗುತ್ತಾನೆ. ಹೊಸಬರು ಬಂದು ಅದೇ ಮನೆ ಹೊಕ್ಕಾಗಲೇ ಹಳಬರು ನಿಜವಾಗಿ ಇಲ್ಲವಾಗುವುದು. ಹಾಗೆ ಗೊರಸುಗಳ ಮೇಲೆ ಗುಳೇದಗುಡ್ಡದ ಮದುವೆಗಳು ಒಂದೊಂದಾಗಿ ಬಂದು ಕೂತವು.

ಮದುವೆಗಳ ನಡುವೆ ಸಾವುಗಳೂ ಬರುತ್ತಿದ್ದವು. ಆ ಓಣಿಯ ಲಿಂಗವಂತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಗೋಡೆಗೆ ಒರಗಿಸಿ, ಹಣೆಗೆ ವಿಭೂತಿ ಬಳಿದು, ಹೂವೇರಿಸಿ, ಮನೆಯವರೆಲ್ಲ ಆಜುಬಾಜು ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ. ಬದುಕಿದ್ದಾಗ ಒಟ್ಟಿಗೆ ಕೂರಲು ಪುರುಸೊತ್ತಿಲ್ಲದವರೂ ಆಗ ಕೂರುತ್ತಾರೆ. ಆ ಫೋಟೋದಿಂದ ಮುಖವನ್ನು ಬಿಡಿಸಿ, ಮುಚ್ಚಿದ ಕಣ್ಣನ್ನು ತೆರೆಸಿ, ಚೌಕಟ್ಟು ಹಾಕಿ ಕೊಡುವುದು ಸುನಂದಾಳ ಕೆಲಸ.

ಪಾಂಡುರಂಗನಿಗೆ ಒಂದು ನೇಮವಿತ್ತು, ಅಪ್ಪನಿಂದ ಬಂದದ್ದು. ರೀಲಿನ ಕಾಲದಲ್ಲಿ ಅವನ ಅಪ್ಪ ಸಾವಿನ ಫೋಟೋ ತೆಗೆದ ರೀಲನ್ನು ಮದುವೆ ಮನೆಗೆ ಒಯ್ಯುತ್ತಿರಲಿಲ್ಲ. ಈಗ ರೀಲಿಲ್ಲ, ನಾನಿದ್ದೇನೆ. ಸಾವಿನ ಮನೆಯಿಂದ ಬಂದು, ತಲೆ ಮೇಲೆ ನೀರು ಹಾಕಿಕೊಂಡು, ಫೋಟೋಗಳನ್ನು ಕಂಪ್ಯೂಟರಿಗೆ ಇಳಿಸಿ, ಆಮೇಲೆ ನನ್ನನ್ನು ಫಾರ್ಮ್ಯಾಟ್ ಮಾಡುತ್ತಿದ್ದ. ಶುಭದ ಮನೆಯ ಹೊಸ್ತಿಲಲ್ಲಿ ನಿಂತು ಮತ್ತೊಮ್ಮೆ ಮಾಡುತ್ತಿದ್ದ. ಅದು ನನಗೆ ಅವನು ಮಾಡಿಸುತ್ತಿದ್ದ ಸ್ನಾನ. ಆ ಎರಡನೆಯದು ಹೆಬ್ಬೆರಳಿಗೆ ಎಷ್ಟು ರೂಢಿಯಾಗಿತ್ತೆಂದರೆ ತಲೆಗೆ ತಿಳಿಸದೆಯೇ ಅದು ತನ್ನ ಕೆಲಸ ಮುಗಿಸಿರುತ್ತಿತ್ತು.

ನೀಲಗಂಗವ್ವ ತೀರಿಕೊಂಡ ದಿನ ಅವಳ ದೊಡ್ಡ ಮಗ ಮಹಾರುದ್ರಪ್ಪ ಬೆಳಿಗ್ಗೆ ಬಂದು ಕರೆದ. ಪಡಸಾಲೆಯಲ್ಲಿ ಮಗ್ಗದ ಪಕ್ಕದ ಗೋಡೆಗೆ ಅವಳನ್ನು ಕೂರಿಸಿದ್ದರು. ಕತ್ತು ವಾಲದಂತೆ ಹಣೆಗೆ ಬಿಳಿ ಬಟ್ಟೆ ಕಟ್ಟಿ ಹಿಂದಿನ ಗೂಟಕ್ಕೆ ಬಿಗಿದಿದ್ದರು. ಕೆಲವು ವರ್ಷಗಳ ಹಿಂದೆ ಲಕ್ವಾ ಹೊಡೆದು ಅವಳ ಮುಖದ ಎಡಭಾಗ ಜಾರಿತ್ತು. ತುಟಿಯ ತುದಿ ಗದ್ದದ ಕಡೆಗೆ ಇಳಿದಿತ್ತು. ಎಡಗಣ್ಣು ಸತ್ತ ಮೇಲೂ ಪೂರ್ತಿ ಮುಚ್ಚಿರಲಿಲ್ಲ. ಬಲಭಾಗ ಮಾತ್ರ ಮೊದಲಿನಂತೆಯೇ ಇತ್ತು, ಕೆನ್ನೆಯ ಮೇಲೆ ಒಂದು ಹಚ್ಚೆಬೊಟ್ಟು.

"ಪಾಂಡು, ಗ್ವಾಡಿಗೆ ಹಾಕಾಕ ಒಂದು ದೊಡ್ಡದು ಬೇಕು. ಈ ಸೊಟ್ಟ ಮಾರಿ ಬ್ಯಾಡ. ಸೀದಾ ಮಾಡಿಸಿ ಕೊಡು," ಎಂದ ಮಹಾರುದ್ರಪ್ಪ.

"ಆತು ಬಿಡ್ರಿ ಅಣ್ಣಾರ. ಅದಕ್ಕ ಸುನಂದಾ ಅದಾಳ."

ಮಕ್ಕಳು, ಸೊಸೆಯರು, ಮೊಮ್ಮಕ್ಕಳು ಕೂತರು. ಪಾಂಡುರಂಗ ತೆಗೆದ. ಎಲ್ಲ ಮುಗಿದು ಅವನು ಕ್ಯಾಮೆರಾ ಇಳಿಸಿದಾಗ ಮೂಲೆಯಿಂದ ಒಂದು ಮುದಿ ದನಿ ಬಂತು. ನೀಲಗಂಗವ್ವನ ತಂಗಿ ಸಂಗವ್ವ.

"ಏ ಪಾಂಡ್ಯಾ, ನಿಂದ್ರು. ಇನ್ನೊಂದು ತೆಗಿ. ಆಕಿ ಮಾರಿ ಅಷ್ಟ. ಇದ್ದದ್ದು ಇದ್ದಂಗ."

"ಯಾಕ್ರೀ ಯವ್ವಾ?"

"ಕಸ್ತೂರಿ ಬಸ್ಸಿನ್ಯಾಗ ಅದಾಳ. ಹೊತ್ತು ಮುಳುಗೂದ್ರಾಗ ಮಣ್ಣು ಮಾಡ್ತಾರಂತ. ಆ ಹುಡುಗಿ ಬರೂದ್ರಾಗ ಈ ಮಾರಿ ಎಲ್ಲಿರ್ತೈತಿ? ಲಕ್ವಾ ಹೊಡೆದ ಮ್ಯಾಲ ಆಕಿ ಅವ್ವನ ನೋಡೇ ಇಲ್ಲ. ನೋಡಾಕ ಬಿಟ್ಟಿದ್ರ ಅಲ್ಲ ನೋಡೂದು!"

ಕಸ್ತೂರಿ ನೀಲಗಂಗವ್ವನ ಮಗಳು. ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿ ಗಡಿಯಾಚೆಯ ಇಚಲಕರಂಜಿಗೆ ಹೋದವಳು. ಅಣ್ಣ ಅವಳಿಗೆ ಬಾಗಿಲು ಮುಚ್ಚಿದ್ದ. ಅವ್ವ ಸತ್ತ ಸುದ್ದಿಯನ್ನೂ ಅವನು ತಿಳಿಸಿರಲಿಲ್ಲ, ಸಂಗವ್ವ ಯಾರಿಂದಲೋ ಫೋನು ಮಾಡಿಸಿದ್ದಳು. ಮಹಾರುದ್ರಪ್ಪ ಅತ್ತ ಮುಖ ತಿರುಗಿಸಿ ಹೂವಿನವನ ಜೊತೆ ಮಾತಿಗೆ ನಿಂತ.

ಪಾಂಡುರಂಗ ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದ. ಆಗ ನಾನೂ ಪಕ್ಕಕ್ಕೆ ಹೊರಳಿದೆ. ಗುಂಡಿ ಒತ್ತಿದ. ಆ ಮುಖ ನನ್ನೊಳಗೆ ಬಂತು. ಬಲಕ್ಕೆ ನಿದ್ದೆ ಹೋದ ಒಬ್ಬ ಹೆಂಗಸು, ಎಡಕ್ಕೆ ಇನ್ನೂ ಎಚ್ಚರವಾಗಿರುವ ಇನ್ನೊಬ್ಬಳು, ಇಬ್ಬರಿಗೂ ಒಂದೇ ಹಣೆ.

"ನೀರು ತುಂಬಿ ಇಡಾಕ ಹೇಳು ಹೆಂಡತಿಗೆ," ಎಂದು ಸಂಗವ್ವ ಆ ದುಃಖದಲ್ಲೂ ಅವನನ್ನು ಕೆಣಕಿದಳು. "ಲಿಂಗ ಕಟ್ಟಿದವರಿಗೆ ಎಲ್ಲೀ ಸೂತಕೋ ಮಾರಾಯಾ?"

"ನಿಮಗಿಲ್ಲರೀ ಯವ್ವಾ. ನನ್ನ ಕ್ಯಾಮೆರಾಕ್ಕ ಐತಿ."

ಮನೆಗೆ ಬಂದ. ಸುನಂದಾ ಹಿತ್ತಿಲಲ್ಲಿ ನೀರು ಕೊಟ್ಟಳು. ಮಿಂದು ಬಂದು ಕಂಪ್ಯೂಟರಿನ ಗುಂಡಿ ಒತ್ತಿದರೆ ಕರೆಂಟಿಲ್ಲ. ಬಂದ ಮೇಲೆ ಇಳಿಸಿದರಾಯಿತೆಂದು ಕ್ಯಾಮೆರಾವನ್ನು ಗೂಟಕ್ಕೆ ತೂಗುಹಾಕಿದ. ಊಟಕ್ಕೆ ಕೂತಿದ್ದನೋ ಇಲ್ಲವೋ, ಬಾಗಿಲಲ್ಲಿ ಟಂಟಂ ಗಾಡಿ ಬಂದು ನಿಂತಿತು. ಮದುವೆ ಮನೆಯವರು. ಅರಿಷಿಣ ಹಚ್ಚುವುದಕ್ಕೆ ಹುಡುಗಿ ಆಗಲೇ ಮಣೆ ಏರಿ ಕೂತಿದ್ದಳಂತೆ. ಅರ್ಧ ರೊಟ್ಟಿ ಬಿಟ್ಟು, ಕೈ ತೊಳೆದು, ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಓಡಿದ.

ಮದುವೆ ಮನೆಯ ಹೊಸ್ತಿಲಲ್ಲಿ ಅವನ ಕಾಲಿಗೆ ಯಾರೋ ನೀರು ಹಾಕಿದರು. ಕಾಲು ಒದ್ದೆಯಾಗುತ್ತಿದ್ದಂತೆ ಹೆಬ್ಬೆರಳು ತನ್ನ ದಾರಿ ಹಿಡಿಯಿತು. ಒಂದು ಒತ್ತು, ಕೆಳಗಿಳಿದು ಇನ್ನೊಂದು. ಬೇಡ ಎನ್ನಲು ನನಗೆ ಬಾಯಿಲ್ಲ. ಬಾಗಿಲ ಮೇಲಿನ ಹೆಸರುಗಳು ಒರೆಸಿಹೋದವು. ಸೂತಕ ಕಳೆದುಕೊಂಡು ಪಾಂಡುರಂಗ ಒಳಗೆ ಕಾಲಿಟ್ಟ.

ಅರಿಷಿಣ, ಬಳೆ, ನಗು ಬರತೊಡಗಿದವು. ಬಂದವರು ಬಂದ ಹಾಗೆ ಓಣಿಯ ಮೊದಲ ಮನೆಯಿಂದ ಹೊಕ್ಕರು. ಮೊಮ್ಮಕ್ಕಳು ಕೂತಿದ್ದ ಚಿತ್ರದ ಮೇಲೆ ಹುಡುಗಿಯ ಗೆಳತಿಯರು ಬಂದರು, ಸೊಸೆಯರ ಮೇಲೆ ಅರಿಷಿಣದ ಬಟ್ಟಲು. ನಾನು ಕಸ್ತೂರಿಯ ಪಾಲಿನ ಚಿತ್ರವನ್ನು ಬಿಗಿಹಿಡಿದು ಕೂತಿದ್ದೆ. ಅದು ಸಾಲಿನ ಕೊನೆಯದು. ಅಲ್ಲಿಗೆ ಬರುವ ಮೊದಲು ಯಾರಾದರೂ ನಿಲ್ಲಿಸಲಿ ಎಂದು ಕಾದೆ. ಒಂದೊಂದು ಫ್ಲ್ಯಾಶಿಗೂ ಮದುವೆಯ ದಿಬ್ಬಣ ಒಂದೊಂದು ಮನೆ ಮುಂದೆ ಬರುತ್ತಿತ್ತು.

ಹುಡುಗಿಯ ಮುಖಕ್ಕೆ ಬೆಳಕು ಜಾಸ್ತಿಯಾಯಿತೇನೋ ಎಂದು ಪಾಂಡುರಂಗ ತೆಗೆದದ್ದನ್ನು ತಿರುಗಿ ನೋಡಿದ. ಅರಿಷಿಣ. ಹಿಂದಕ್ಕೆ ಹೋದ. ಅರಿಷಿಣ. ಮತ್ತೂ ಹಿಂದಕ್ಕೆ ಹೋದ. ಹೊಸ್ತಿಲ ರಂಗೋಲಿ. ಅದರ ಹಿಂದೆ ಏನೂ ಇಲ್ಲ. ಗೂಟಕ್ಕೆ ಕಟ್ಟಿದ ಬಿಳಿ ಬಟ್ಟೆ ಇಲ್ಲ, ನೀಲಗಂಗವ್ವ ಇಲ್ಲ. ಕರೆಂಟಿಲ್ಲದೆ ಫೋಟೋ ಇಳಿಸಿರಲಿಲ್ಲವೆಂಬುದು ಅವನಿಗೆ ಆಗ ನೆನಪಾಯಿತು.

"ಏನೋ ಪಾಂಡು, ಕಲ್ಲಾಗಿ ನಿಂತಿ?" ಹುಡುಗಿಯ ಅತ್ತೆ ಕೂಗಿದಳು. "ನಮ್ಮ ಹುಡುಗಿ ಅಷ್ಟು ಚೆಂದ ಕಾಣಾಕತ್ತಾಳೇನು?"

ಹೆಂಗಸರೆಲ್ಲ ನಕ್ಕರು.

"ಬಾಯಿ ತೆಗೆದಾನ ನೋಡ್ರಿ, ನೊಣ ಹೊಕ್ಕೀತು!"

ಅವನು ನಗುವಂತೆ ಮಾಡಿ, ಗೋಡೆಯ ಕಡೆ ತಿರುಗಿ, ನನ್ನನ್ನು ಹೊರಗೆಳೆದು ಅಂಗಿಯ ಜೇಬಿಗೆ ಹಾಕಿಕೊಂಡ. ಖಾಲಿ ಕ್ಯಾಮೆರಾ ಹಿಡಿದು ನಾಲ್ಕಾರು ಫ್ಲ್ಯಾಶ್ ಹೊಡೆದ. ಹುಡುಗಿ ಆ ಸುಳ್ಳು ಬೆಳಕಿಗೆ ನಾಚಿಕೊಂಡಳು. ಆಮೇಲೆ ಬ್ಯಾಟರಿ ಹೋಯಿತೆಂದು ಹೇಳಿ, ಬಜಾರದ ಇನ್ನೊಂದು ಸ್ಟುಡಿಯೋದಿಂದ ಬೇರೆ ಕಾರ್ಡು ಇಸಿದುಕೊಂಡು ಬಂದು ಕೆಲಸ ಮುಗಿಸಿದ. ಅಷ್ಟು ಹೊತ್ತೂ ನಾನು ಅವನ ಎದೆಯ ಮೇಲಿದ್ದೆ. ಎದೆ ಮಗ್ಗದ ಹಾಗೆ ಬಡಿದುಕೊಳ್ಳುತ್ತಿತ್ತು. ದೂರದಲ್ಲಿ ಭಜನೆ ಕೇಳಿಸಿತು. ನೀಲಗಂಗವ್ವನನ್ನು ಒಯ್ಯುತ್ತಿದ್ದರು. ಇನ್ನೊಮ್ಮೆ ತೆಗೆಯುತ್ತೇನೆಂದು ಓಡಿ ಹೋಗಿದ್ದರೆ ಆ ಮುಖ ಸಿಗುತ್ತಿತ್ತು. ಹೇಗೆ ಕೇಳುವುದು? ಸಾವಿನ ಮನೆಯವರಿಗೆ ಏನೆಂದು ಹೇಳುವುದು? ಅವನು ಅಕ್ಷತೆ ಹಿಡಿದವರ ನಡುವೆ ನಿಂತೇ ಇದ್ದ, ಭಜನೆ ದೂರವಾಯಿತು.

ಕಸ್ತೂರಿ ಬಂದು ಮುಟ್ಟಿದಾಗ ಮಣ್ಣು ಮುಗಿದಿತ್ತಂತೆ.

ಮರುದಿನ ಗಂಡ ಹೆಂಡತಿ ನನ್ನನ್ನು ಅರ್ಧ ಮೈ ಹೊರಗಿರುವಂತೆ ಕಂಪ್ಯೂಟರಿಗೆ ಸಿಕ್ಕಿಸಿ ಕೂತರು. ಅಳಿಸಿದ ಚಿತ್ರಗಳನ್ನು ಹುಡುಕುವ ಸಾಫ್ಟ್‌ವೇರನ್ನು ಸುನಂದಾ ಎಲ್ಲಿಂದಲೋ ತರಿಸಿದ್ದಳು. ಅದು ಹೆಸರಿಲ್ಲದ ಮನೆಗಳ ಬಾಗಿಲನ್ನು ಒಂದೊಂದಾಗಿ ತಟ್ಟುತ್ತ ಬರುತ್ತದೆ. ಒಳಗೆ ಯಾರಿದ್ದೀರಿ, ಯಾರಿದ್ದೀರಿ ಎಂದು ಕೇಳುತ್ತದೆ. ಪರದೆಯ ಮೇಲಿನ ಹಸಿರು ಪಟ್ಟಿ ಇರುವೆಯಂತೆ ಸರಿಯುತ್ತಿತ್ತು.

"ಕಳೀತಲ್ಲ ಸೂತಕ?" ಎಂದಳು ಸುನಂದಾ. "ಲಿಂಗವಂತರ ಮನ್ಯಾಗ ಇಲ್ಲದ ಸೂತಕ ನಿಮ್ಮ ಹೆಬ್ಬಟ್ಟಿನ್ಯಾಗ ಕುಂತಿತ್ತು."

ಪಾಂಡುರಂಗನ ಗದ್ದ ನನಗೆ ಕಾಣುತ್ತಿತ್ತು, ಎರಡು ದಿನದ ಗಡ್ಡ ಬೆಳೆದಿತ್ತು.

ನನ್ನಲ್ಲಿದ್ದುದನ್ನೆಲ್ಲ ಕೊಟ್ಟೆ. ಅರಿಷಿಣ ಬಂತು. ಮೂಲೆಯಲ್ಲಿ ಎಲ್ಲೋ ಉಳಿದಿದ್ದ ಡಾಕ್ಟರರ ಒಂದು ಗೊರಸು ಬಂತು, ಅದನ್ನು ಕಂಡು ಇಬ್ಬರೂ ಬೆಚ್ಚಿದರು. ಮನೆಯವರ ಗುಂಪಿನ ಚಿತ್ರಗಳು ಬರಲೇ ಇಲ್ಲ, ಅವುಗಳ ಜಾಗದಲ್ಲಿ ಬೂದಿ ಬಣ್ಣದ ಹಲಗೆಗಳು ಬಂದವು. ಕೊನೆಗೆ ಕಸ್ತೂರಿಗೆಂದು ತೆಗೆದದ್ದು ಬಂತು. ಅರ್ಧ ಬಂತು. ದಿಬ್ಬಣ ಆ ಮನೆಯ ಹಿತ್ತಿಲಿಂದ ಹೊಕ್ಕು ನಡುಮನೆಯವರೆಗೆ ಬಂದು ನಿಂತುಬಿಟ್ಟಿತ್ತು. ಚಿತ್ರ ನನ್ನೊಳಗೆ ಸಾಲು ಸಾಲಾಗಿ ಕೂರುತ್ತದೆ, ಕ್ಯಾಮೆರಾ ಉದ್ದಕ್ಕೆ ಹಿಡಿದದ್ದರಿಂದ ಆ ಸಾಲುಗಳು ಮೇಲಿಂದ ಕೆಳಗೆ ನಿಂತಿದ್ದವು, ಆ ಮುಖ ಮೂಗಿನ ಗುಂಟ ನೆಟ್ಟಗೆ ಸೀಳಿತ್ತು. ಬಲಭಾಗ ಇತ್ತು. ಮುಚ್ಚಿದ ಕಣ್ಣು, ಹಚ್ಚೆಬೊಟ್ಟು, ಅರ್ಧ ತುಟಿ. ಎಡಭಾಗವೆಲ್ಲ ಬೂದಿ.

"ಸಾಕು," ಎಂದಳು ಸುನಂದಾ. "ಇಷ್ಟ ಇದ್ರ ಸಾಕು. ಹೆಂಗಿದ್ರೂ ಸೀದಾ ಮಾಡು ಅಂದಿದ್ರಲ್ಲ."

ಅವಳು ಬಲಭಾಗವನ್ನು ಕನ್ನಡಿಯಲ್ಲಿ ಕಂಡಂತೆ ಹೊರಳಿಸಿ ಎಡಕ್ಕೆ ಅಂಟಿಸಿದಳು. ಮುಖ ತುಂಬಿತು. ಎರಡೂ ಕೆನ್ನೆಗೆ ಹಚ್ಚೆಬೊಟ್ಟು ಬಂತು, ಒಂದನ್ನು ಅಳಿಸಿದಳು. ಕಣ್ಣು ತೆರೆಸಿದಳು. ಲಕ್ವಾ ಹೊಡೆಯದ, ಯಾವ ಮಗಳೂ ಬಿಟ್ಟು ಹೋಗದ ಒಬ್ಬ ನೀಲಗಂಗವ್ವ ಪರದೆಯಿಂದ ನೋಡಿದಳು. ಅಂಥ ಹೆಂಗಸು ಯಾರೂ ನನ್ನೊಳಗೆ ಬಂದಿರಲಿಲ್ಲ.

ಮಹಾರುದ್ರಪ್ಪ ಬಂದು ನೋಡಿ ಕಣ್ಣು ತುಂಬಿಕೊಂಡ. "ಮೊದಲಿನ ಅವ್ವನ ತಂದು ಕುಂದ್ರಿಸಿಯಲ್ಲೋ ಪಾಂಡು!" ಚೌಕಟ್ಟನ್ನು ಎದೆಗೆ ಅವುಚಿಕೊಂಡು ಹೋದ. ಪಾಂಡುರಂಗ ಏನೋ ಹೇಳಲು ಬಾಯಿ ತೆರೆದ. ಸುನಂದಾ ಕಣ್ಣಿನಲ್ಲೇ ಸುಮ್ಮನಿರಿಸಿದಳು. ಅಲ್ಲಿಗೆ ಮುಗಿಯಿತೆಂದು ಇಬ್ಬರೂ ಅಂದುಕೊಂಡರು.

ಕ್ರಿಯಾಕರ್ಮಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಕಸ್ತೂರಿ ಸ್ಟುಡಿಯೋಕ್ಕೆ ಬಂದಳು. ನಾನು ಗಾಜಿನ ಕಟ್ಟೆಯ ಮೇಲಿದ್ದೆ. ಕಾಲಲ್ಲಿ ಸವೆದ ಚಪ್ಪಲಿ, ಭುಜಕ್ಕೆ ಊರಿಗೆ ಹೊರಟವರ ಚೀಲ. ಅವಳ ಬಲಗೆನ್ನೆಯೂ ನಾನು ಹಿಡಿದಿಟ್ಟಿದ್ದ ಆ ಅರ್ಧ ಮುಖದ ಹಾಗೆಯೇ ಇತ್ತು.

"ಅಣ್ಣಾರ, ನಾ ನೀಲಗಂಗವ್ವನ ಮಗಳು. ಬಾಗಿಲಾಗ ನಿಂತು ಗ್ವಾಡಿ ಮ್ಯಾಲಿಂದು ನೋಡೀನಿ. ನನಗ ಅದು ಬ್ಯಾಡ. ಸೀದಾ ಮಾಡೂಕಿಂತ ಮೊದಲಿಂದು ಕೊಡ್ರಿ. ಸಂಗವ್ವ ಚಿಗವ್ವ ಹೇಳ್ಯಾಳ, ನನ್ನ ಸಲುವಾಗಿ ಬ್ಯಾರೆ ಒಂದು ತೆಗದೀರಂತ."

ಪಾಂಡುರಂಗ ಸುನಂದಾಳ ಕಡೆ ನೋಡಿದ.

"ಅದು ಚಲೋ ಐತೆಲ್ಲವಾ," ಎಂದಳು ಸುನಂದಾ ಮೆಲ್ಲಗೆ. "ನೀ ಬಿಟ್ಟು ಹೋದಾಗ ಹೆಂಗಿದ್ರೋ ಹಂಗ ಬಂದೈತಿ."

"ಅದಕ್ಕಽ ಬ್ಯಾಡ ಅಂದ್ನಿರೀ. ಆ ಮಾರಿ ನನ್ನ ಹಂತೇಕ ಐತಿ. ಕಣ್ಣು ಮುಚ್ಚಿದ್ರ ಬರ್ತೈತಿ. ನಾ ಹೋದ ಮ್ಯಾಲ ಇಷ್ಟು ವರ್ಷ ಅಕಿ ಹೊತ್ತ ಮಾರಿ ಬ್ಯಾರೆ. ಬಾಜೂದವರೆಲ್ಲ ನೋಡ್ಯಾರ, ಸಂತ್ಯಾಗಿನವರು ನೋಡ್ಯಾರ. ನಾ ನೋಡಿಲ್ಲ. ಅದನ್ನ ಕೊಡ್ರಿ."

ಆಗ ಪಾಂಡುರಂಗ ಹೇಳಿದ. ಕರೆಂಟು, ಟಂಟಂ, ಹೊಸ್ತಿಲು, ಹೆಬ್ಬೆರಳು, ಒಂದನ್ನೂ ಬಿಡಲಿಲ್ಲ. ಅರ್ಧ ಉಳಿದದ್ದನ್ನು ಪರದೆಯ ಮೇಲೆ ತೆರೆದು ತೋರಿಸಿದ. ಕಸ್ತೂರಿ ಬಹಳ ಹೊತ್ತು ನೋಡಿದಳು. ಬೂದಿ ಬಣ್ಣದ ಕಡೆಗೇ ನೋಡಿದಳು. ಅವಳು ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಬೈಯಲಿಲ್ಲ.

"ಈ ಕಡೀದು ಇನ್ನ ಬರೂದಿಲ್ಲೇನ್ರಿ?"

"ಇಲ್ಲವಾ. ಅದರ ಮ್ಯಾಲ ಮದುವಿ ಕುಂತೈತಿ."

ಅವಳು ಚೀಲವನ್ನು ಕೆಳಗಿಟ್ಟಳು. "ನೀವು ನೋಡೀರಲ್ಲ. ಹೆಂಗಿತ್ತು, ಹೇಳ್ರಿ."

"ಎಡಗಡೆ... ತುಟಿ ಸ್ವಲ್ಪ ಇಳಿದಿತ್ತು."

"ಸ್ವಲ್ಪ ಅಂದ್ರ ಎಷ್ಟು?"

ಜೀವಮಾನವೆಲ್ಲ ಮುಖ ತೆಗೆದವನು, ಒಂದು ಮುಖವನ್ನು ಮಾತಿನಲ್ಲಿ ಹೇಳಲಾರದೆ ಬೆವೆತ. ಕೊನೆಗೆ ಕಸ್ತೂರಿಯ ಎದುರಿಗೆ ಸ್ಟೂಲು ಎಳೆದುಕೊಂಡು ಕೂತ. ಬೆನ್ನನ್ನು ಗೋಡೆಗೆ ಒರಗಿಸಿದ. ಎಡಗೈ ಬೆರಳನ್ನು ತುಟಿಯ ತುದಿಗಿಟ್ಟು ಕೆಳಗೆಳೆದ.

"ಇಷ್ಟು."

"ಇನ್ನೂ ಕೆಳಗ," ಎಂದಳು ಸುನಂದಾ. ಸಂತೆಯ ದಿನ ನೀಲಗಂಗವ್ವ ಈ ಬಾಗಿಲ ಕಟ್ಟೆಯ ಮೇಲೆ ದಣಿವಾರಿಸಿಕೊಂಡು ಹೋಗುತ್ತಿದ್ದುದನ್ನು ಅವಳು ಎಷ್ಟೋ ಸಲ ಕಂಡಿದ್ದಳು. ಹತ್ತಿರ ಬಂದು ಗಂಡನ ಬೆರಳನ್ನು ಇನ್ನಷ್ಟು ಇಳಿಸಿದಳು. "ಕಣ್ಣೂ ಹಂಗಲ್ಲ. ರೆಪ್ಪಿ ಪೂರ್ತಿ ಮುಚ್ಚತಿರಲಿಲ್ಲ." ತನ್ನ ಬೆರಳಿನಿಂದ ಅವನ ಎಡ ಕೆಳರೆಪ್ಪೆಯನ್ನು ಹಗುರವಾಗಿ ಜಗ್ಗಿ ಹಿಡಿದಳು. "ಬಲಗಣ್ಣು ಮುಚ್ಚಿಕೊಳ್ರಿ. ಹಾಂ. ಹಿಂಗ."

ಜಗ್ಗಿದ ಕಣ್ಣಿನಿಂದ ನೀರು ಇಳಿಯಿತು.

"ಅಳಬ್ಯಾಡ್ರಿ ಅಣ್ಣಾರ," ಎಂದಳು ಕಸ್ತೂರಿ.

"ಅಳಾಕತ್ತಿಲ್ಲವಾ." ಜೋತ ತುಟಿಯಿಂದ ಅವನ ಮಾತು ತೊದಲಿತು. "ಕಣ್ಣು ಹಿಂಗ ಇದ್ರ ನೀರು ಬರ್ತೈತಿ."

"ಅವ್ವಗೂ ಬರ್ತಿತ್ತೇನ್ರಿ?"

"ಬರ್ತಿತ್ತು," ಎಂದಳು ಸುನಂದಾ. "ಮಾತೂ ಹಿಂಗಽ ತೊದಲತಿತ್ತು. ಸೆರಗಿಲೆ ಒರಸ್ಕೋತಿದ್ರು."

ಕಸ್ತೂರಿ ಸೆರಗಿನ ತುದಿ ಹಿಡಿದಳು. ಬಾಗಿ, ಆ ಪರಕೀಯ ಗಂಡಸಿನ ಗಡ್ಡದ ಕೆನ್ನೆಯ ಮೇಲಿನ ನೀರನ್ನು ಒರೆಸಿದಳು. ಮುಖವನ್ನು ಹತ್ತಿರದಿಂದ ನೋಡಿದಳು, ತುಟಿಯಿಂದ ಕಣ್ಣಿಗೆ, ಕಣ್ಣಿನಿಂದ ತುಟಿಗೆ.

"ಯವ್ವಾ," ಎಂದಳು. "ಬಂದೀನಿ."

ಪಾಂಡುರಂಗ ಬೆರಳು ತೆಗೆಯಲಿಲ್ಲ. ಸುನಂದಾಳೂ ತೆಗೆಯಲಿಲ್ಲ. ಹೊರಗೆ ಯಾರೋ ಪಾಸ್‌ಪೋರ್ಟ್ ಫೋಟೋಕ್ಕೆ ಬಂದು ಬಾಗಿಲಲ್ಲಿ ನಿಂತು, ಒಳಗೆ ನೋಡಿ, ಏನೂ ಕೇಳದೆ ಹಿಂದೆ ಸರಿದರು. ಕೊನೆಗೆ ಕಸ್ತೂರಿಯೇ ಸಾಕೆಂದು ಅವನ ಕೈ ಹಿಡಿದು ಕೆಳಗಿಳಿಸಿದಳು. ಅವನ ಮುಖ ಮೆಲ್ಲಗೆ ತನ್ನ ಜಾಗಕ್ಕೆ ಹೋಯಿತು.

ಹೊರಡುವಾಗ ಅವಳು ನನ್ನನ್ನು ಕೇಳಿ ಪಡೆದಳು. ಪಾಂಡುರಂಗ ನನ್ನ ಪಕ್ಕದ ಪುಟ್ಟ ಕೀಲನ್ನು ಸರಿಸಿದ, ಇನ್ನು ಮೇಲೆ ಯಾವ ಚಿತ್ರವೂ ಹೊಗದಂತೆ. ಬಾಗಿಲಲ್ಲಿ ಸುನಂದಾ ಅವಳಿಗೆ ಕುಂಕುಮ ಹಚ್ಚಿದಳು. ಪಾಂಡುರಂಗನ ಹೊಸ ಕಾರ್ಡಿಗೆ ಈಗಲೂ ಆ ಸ್ನಾನವಿದೆಯೋ ಇಲ್ಲವೋ, ನನಗೆ ತಿಳಿಯದು.

ಈಗ ನಾನು ಇಚಲಕರಂಜಿಯಲ್ಲಿದ್ದೇನೆ, ಸೂಜಿ ಗುಂಡಿ ಹಾಕಿಡುವ ತಗಡಿನ ಡಬ್ಬಿಯಲ್ಲಿ. ಹೊರಗೆ ಹಗಲೂ ರಾತ್ರಿ ಪವರ್‌ಲೂಮಿನ ಸದ್ದು. ನನಗೆ ವಯಸ್ಸಾಗಿದೆ. ನನ್ನಂಥ ಕಾರ್ಡುಗಳನ್ನು ಈಗ ಯಾರೂ ಕೇಳುವುದಿಲ್ಲವಂತೆ. ಕೋಣೆಗಳಲ್ಲಿ ಹಿಡಿದಿಟ್ಟದ್ದು ತಾನಾಗಿಯೇ ಸೋರುತ್ತಿದೆ. ಮೊದಲು ಅರಿಷಿಣದ ಹಳದಿ ಹೋಗುತ್ತಿದೆಯೋ ವಿಭೂತಿಯ ಬೂದಿಯೋ ಗೊತ್ತಾಗುವುದಿಲ್ಲ. ಹಿಡಿದಿಟ್ಟುಕೊಳ್ಳುವುದೇ ನೆನಪು ಎಂದು ನಾನು ಬಹಳ ಕಾಲ ತಿಳಿದಿದ್ದೆ. ಆ ಮಧ್ಯಾಹ್ನ ಗಾಜಿನ ಕಟ್ಟೆಯ ಮೇಲೆ ಬಿದ್ದುಕೊಂಡು ಕಂಡದ್ದನ್ನು ಯಾರೂ ನನ್ನೊಳಗೆ ಇಡಲಿಲ್ಲ. ನನ್ನ ಯಾವ ಕೋಣೆಯಲ್ಲೂ ಅದಿಲ್ಲ. ಆದರೂ ಅದೊಂದೇ ಇಂದಿಗೂ ಮಸುಕಾಗಿಲ್ಲ.

ಮೊನ್ನೆ ಕಸ್ತೂರಿಯ ಮಗಳು ಗುಂಡಿ ಹುಡುಕುತ್ತ ನನ್ನನ್ನು ಎತ್ತಿ ಬೆಳಕಿಗೆ ಹಿಡಿದಳು.

"ಅವ್ವಾ, ಇದೇನು?"

"ನಿಮ್ಮ ಅಜ್ಜಿ," ಎಂದಳು ಕಸ್ತೂರಿ, ಸೂಜಿಗೆ ದಾರ ಪೋಣಿಸುತ್ತ. "ಅರ್ಧ."

"ಇನ್ನರ್ಧ?"

"ಅದನ್ನ ನಾ ನೋಡೀನಿ."

ಹುಡುಗಿ ನನ್ನನ್ನು ಡಬ್ಬಿಯಲ್ಲಿಟ್ಟು ಗುಂಡಿ ತೆಗೆದುಕೊಂಡಳು. ಮುಚ್ಚಳ ಮುಚ್ಚಿತು.